ಕತ್ತರಿಗೆ ಸಿಗದ ಫೋಟೋ

“ಫೋಟೋ ಭಾಳ ದೊಡ್ಡದಾತ್ರಿ. ಸಣ್ಣ ಮಾಡಬೇಕು,” ಅಂದರು ಕಂಪ್ಯೂಟರ್ ಅಂಗಡಿಯ ಪದ್ಮಜಾ.

ಅಷ್ಟೇ ಸಾಕಾಯಿತು. ಗುಲ್ನಾಜಳ ಅಬ್ಬಾ ಖಾಸಿಂಸಾಬ ಟೇಬಲ್ ಮೇಲಿದ್ದ ಅವಳ ಪಾಸ್‌ಪೋರ್ಟ್ ಫೋಟೋ ಎತ್ತಿಕೊಂಡು, ಜೇಬಿನಿಂದ ಪುಟ್ಟ ಕತ್ತರಿ ತೆಗೆದರು. ಲಕ್ಷ್ಮೇಶ್ವರದಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುವ ಮನುಷ್ಯ. ದೊಡ್ಡದಾಯಿತು ಅಂದರೆ ಅವರು ಮಾಡುವುದು ಒಂದೇ ಕೆಲಸ. ಕಚಕ್ ಕಚಕ್ ಎಂದು ನಾಲ್ಕೂ ಕಡೆ ಕತ್ತರಿಸಿಯೇಬಿಟ್ಟರು.

“ಈಗ ನೋಡ್ರಿ. ಕಾಲಿಂಚು ತಗದೀನಿ.”

ಕಂಪ್ಯೂಟರಿನೊಳಗಿನ ಫೋಟೋ ಮಾತ್ರ ಇದ್ದಷ್ಟೇ ಇತ್ತು.

ಹಿಂದಿನ ಬೆಂಚಿನಲ್ಲಿ ತನ್ನ ಅರ್ಜಿಯ ಸರದಿಗೆ ಕಾಯುತ್ತಿದ್ದ ಪ್ರಮೋದ ಫಕ್ಕನೆ ನಕ್ಕ. ಅವನು ಗುಲ್ನಾಜಳ ಕ್ಲಾಸಿನವನೇ. ನಾಳೆ ಇಡೀ ಐದನೇ ಕ್ಲಾಸಿಗೆ ಇದು ಗೊತ್ತಾಗುತ್ತದೆ. ಗುಲ್ನಾಜಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅಬ್ಬಾನ ಪಕ್ಕದಿಂದ ಎದ್ದು, ಯಾರದೋ ಮಗಳ ಹಾಗೆ ಬಾಗಿಲ ಹತ್ತಿರ ಹೋಗಿ ನಿಂತಳು.

ಮನೆಗೆ ಹೋಗುವಂತೆಯೂ ಇರಲಿಲ್ಲ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಅವತ್ತೇ ಕೊನೆಯ ದಿನ. ಐದಕ್ಕೆ ವೆಬ್‌ಸೈಟ್ ಬಂದ್. ಆಗಲೇ ನಾಲ್ಕೂ ಇಪ್ಪತ್ತು. ಈ ಪರೀಕ್ಷೆಗಾಗಿ ಅವಳು ದಸರಾ ರಜೆಯೆಲ್ಲ ಗಣಿತ ಮಾಡಿದ್ದಳು.

ಪದ್ಮಜಾ ನಗಲಿಲ್ಲ. “ಅಳತಿ ಅಲ್ರಿ, ತೂಕ. ಕಂಪ್ಯೂಟರಿನ್ಯಾಗ ಫೋಟೋಕ್ಕೂ ತೂಕ ಇರ್ತೈತಿ. ಐವತ್ತು ಕೆಬಿ ಒಳಗ ಬೇಕಂತ. ಇದು ಪಿಎನ್‌ಜಿ ಫೈಲ್. ಒಂದು ಚುಕ್ಕಿನೂ ಬಿಡದಂಗ ಹೊತ್ಗೊಂಡು ಕುಂತೈತಿ. ಜೆಪಿಜಿ ಮಾಡಿದ್ರ ಹಗುರ ಆಗ್ತೈತಿ.”

ಹಾಗೇ ಮಾಡಿದರು. ಮುನ್ನೂರಿದ್ದದ್ದು ತೊಂಬತ್ತಕ್ಕೆ ಇಳಿಯಿತು. ಇನ್ನೂ ಒತ್ತಿ ಐವತ್ತಕ್ಕೆ ತಂದರೆ ಗುಲ್ನಾಜಳ ಕಣ್ಣು ಮೂಗು ಒಂದರೊಳಗೊಂದು ಕಲಸಿಹೋದವು.

“ಇದು ನಡ್ಯಂಗಿಲ್ಲ. ಮುಖ ಸ್ವಚ್ಛ ಕಾಣಬೇಕು.”

ಗುಲ್ನಾಜ ಬಾಗಿಲಿನಿಂದಲೇ ಗಡಿಯಾರ ನೋಡಿದಳು. ನಾಲ್ಕೂವರೆ.

ಖಾಸಿಂಸಾಬ ಸ್ಕ್ರೀನಿಗೆ ಬಗ್ಗಿ ನೋಡಿದರು. ಫೋಟೋದಲ್ಲಿ ಅವಳ ಹಿಂದೆ ಇದ್ದದ್ದು ಅವರದೇ ಅಂಗಡಿಯ ಪರದೆ. ಅದರ ತುಂಬ ಗುಲಾಬಿ, ಎಲೆ, ಗಿಳಿ.

“ಈ ಹೂವಿಗೂ ತೂಕ ಐತೇನ್ರಿ?”

ಪದ್ಮಜಾ ಮೌಸ್ ಬಿಟ್ಟು ಅವರನ್ನು ನೋಡಿದರು. “ಐತ್ರಿ, ಖರೆ. ಮುಖಕ್ಕಿಂತ ಅದರದ ಜಾಸ್ತಿ. ನನಗ ಹೊಳೀಲಿಲ್ಲ ನೋಡ್ರಿ.”

“ಹಂಗಾರ ಅಸ್ತರ ಹಿಡೀತೀನಿ.”

ಕೋಟಿನ ಒಳಗೆ ಹೊಲಿಯುವ ಬಿಳಿ ಅಸ್ತರದ ಬಟ್ಟೆ ಅವರ ಚೀಲದಲ್ಲಿತ್ತು. ಸುಕ್ಕಿಲ್ಲದಂತೆ ಎಳೆದು, ಎರಡೂ ಕೈ ಮೇಲೆತ್ತಿ ಹಿಡಿದು ಅದರ ಹಿಂದೆ ನಿಂತರು.

“ಗುಲ್ನಾಜ, ಬಾ ಬೇಟಾ. ಜಲ್ದಿ.”

ಅವಳು ಬಂದು ಬಟ್ಟೆಯ ಮುಂದೆ ನಿಂತಳು. ಪದ್ಮಜಾ ಮೊಬೈಲಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರು. ಅದರಲ್ಲಿ ಅಬ್ಬಾ ಕಾಣಲಿಲ್ಲ. ಬಟ್ಟೆಯ ಎರಡು ಮೂಲೆಯಲ್ಲಿ ಅವರ ಬೆರಳು ಮಾತ್ರ ಕಂಡವು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಪದ್ಮಜಾ ಅವನ್ನೂ ಕ್ರಾಪ್ ಮಾಡಿ ತೆಗೆದರು.

ನಲವತ್ತೊಂದು ಕೆಬಿ. ಮುಖ ಸ್ವಚ್ಛವಾಗಿತ್ತು. ನಾಲ್ಕೂ ನಲವತ್ತಕ್ಕೆ ಅರ್ಜಿ ಹೋಯಿತು.

ಪ್ರಮೋದ ಮೆಲ್ಲಗೆ ಗುಲ್ನಾಜಳ ಹತ್ತಿರ ಬಂದ. “ಆ ಬಟ್ಟಿ ಒಂಚೂರು ಕೊಡ್ತಿಯೇನು? ನನ್ನ ಫೋಟೋದ ಹಿಂದ ಬರೇ ಗಿಡಾನ ಅದಾವು.”

“ನಮ್ಮ ಅಬ್ಬಾನ ಕೇಳು,” ಅಂದಳು ಗುಲ್ನಾಜ, ಅಂಗಡಿಗೆಲ್ಲ ಕೇಳುವಂತೆ. “ಸುಕ್ಕಿಲ್ಲದಂಗ ಹಿಡಿಯೋದು ಅವರಿಗಷ್ಟ ಬರ್ತೈತಿ.”

ಖಾಸಿಂಸಾಬ ಮತ್ತೆ ಕೈ ಎತ್ತಿದರು. ಈ ಸಲ ಬಟ್ಟೆಯ ಒಂದು ಮೂಲೆಯನ್ನು ಗುಲ್ನಾಜ ಹಿಡಿದಳು.