ವಯೋಲಾದ ಕೊನೆಯ ಸಾಲು

"ವಯೋಲಾ, ಮೊದಲ ಸಾಲು... ನೀವು ನನ್ನ ಕೈಗಿಂತ ಮುಂದೆ ಹೋಗ್ತಿದ್ದೀರ."

ತಾಲೀಮು ನಿಂತಿತು. ಚೀನಾದ ಹಾರ್ಬಿನ್ ನಗರದ ವಾದ್ಯವೃಂದದ ಎಪ್ಪತ್ತು ಜನರೂ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದ ತಾನ್ ಮುಯುನ್ ಕಡೆ ತಿರುಗಿದರು.

ವೇದಿಕೆಯ ಮೇಲಿದ್ದವನು ಕ್ವೋ ಬೋಹಾನ್. ಇದೇ ಊರಿನ ಬಸ್ ಚಾಲಕನ ಮಗ. ಈಗ ಹ್ಯಾಂಬರ್ಗ್, ಓಸ್ಲೋ, ಲಿಸ್ಬನ್‌ಗಳಲ್ಲಿ ವಾದ್ಯವೃಂದ ನಡೆಸುವ ದೊಡ್ಡ ನಿರ್ದೇಶಕ. ಹದಿನಾರು ವರ್ಷಗಳ ಮೇಲೆ ಊರಿಗೆ ಬಂದಿದ್ದ.

"ನಾನು ಮುಂದೆ ಹೋಗ್ಲಿಲ್ಲ ಮೇಷ್ಟ್ರೇ," ಎಂದಳು ಮುಯುನ್ ಮೆಲ್ಲಗೆ. "ನಿಮ್ಮ ಕೈಯೇ ತಡವಾಯ್ತು."

ಪಕ್ಕದಲ್ಲಿದ್ದ ಶಿ ಅಕ್ಕ ಅವಳ ಕಾಲು ತುಳಿದಳು. ಬೋಹಾನ್ ಒಂದು ಗಳಿಗೆ ಮುಯುನ್‌ಳನ್ನೇ ನೋಡಿದ.

"ಹೌದು... ತಪ್ಪು ನನ್ನದೇ. ಇನ್ನೊಮ್ಮೆ."

ಮಧ್ಯಾಹ್ನ ಊಟಕ್ಕೆ ಅವನೇ ತಟ್ಟೆ ಹಿಡಿದು ಬಂದು ಅವಳೆದುರು ಕೂತ. "ಯಾರಾದ್ರೂ ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಎಷ್ಟೋ ವರ್ಷವಾಯ್ತು."

"ನಮ್ಮೂರೋರು ಹಾಗೇ. ಮರ್ತೇಬಿಟ್ರಾ?"

ಅವನು ನಕ್ಕ. ಆ ಚಳಿಗಾಲ ಹೆಪ್ಪುಗಟ್ಟಿದ ಸೊಂಗ್ಹುವಾ ನದಿಯ ಮೇಲೆ ಇಬ್ಬರೂ ಬಹಳ ನಡೆದರು. ಅವನು ಹೋದ ಮೇಲೆ ಪ್ರತಿ ಊರಿನಿಂದಲೂ ಕಾಗದ ಬಂತು. ಬೇಸಿಗೆಯಲ್ಲಿ ಬಂದ ಒಂದರಲ್ಲಿ, 'ನಿಮ್ಮನ್ನು ನೋಡಬೇಕು' ಎಂದಷ್ಟೇ ಇತ್ತು. ಆಮೇಲೆ ಕಾಗದಗಳು ನಿಂತವು.

ಮುಂದಿನ ಚಳಿಗಾಲ ಅವನು ಮತ್ತೆ ಬಂದ. ಮುಯುನ್ ಹೊಸ ಕೆಂಪು ಮಫ್ಲರ್ ಹಾಕಿಕೊಂಡು ತಾಲೀಮಿಗೆ ಹೋದಳು. ಯಾರು ಎಲ್ಲಿ ಕೂರಬೇಕೆಂಬ ಪಟ್ಟಿಯನ್ನು ಗೋಡೆಯ ಮೇಲೆ ಅಂಟಿಸಿದ್ದರು. ಅವಳ ಹೆಸರು ಕೊನೆಯ ಸಾಲಿನಲ್ಲಿತ್ತು!

ಬರೆಸಿದವನು ಬೋಹಾನನೇ. ಕಾರಣ ಹೇಳಲಿಲ್ಲ. ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

'ಬೇಡವಾದರೆ ಬೇಡ ಅನ್ನಬಹುದಿತ್ತು... ಎಲ್ಲರೆದುರು ಹೀಗೆ ಹಿಂದಕ್ಕೆ ತಳ್ಳಬೇಕಿತ್ತೇ?'

"ದೊಡ್ಡವರ ಸಹವಾಸ ಒಲೆ ಇದ್ದ ಹಾಗೆ ಕಣೇ," ಎಂದಳು ಶಿ ಅಕ್ಕ. "ಬೆಚ್ಚಗಿದೆ ಅಂತ ಹತ್ರ ಹೋದ್ರೆ ಸುಡುತ್ತೆ."

ಭಾನುವಾರ ಮಧ್ಯಾಹ್ನ ಸಂಗೀತ ಕಚೇರಿ. ಸಭಾಂಗಣ ತುಂಬಿತ್ತು. ನಿಧಾನಗತಿಯ ಭಾಗ ನಡೆಯುತ್ತಿದ್ದಾಗ ಬೋಹಾನನ ಬಲಗೈ ನಡುಗಿತು. ಲಯ ತೋರಿಸುವ ಕೋಲು ಜಾರಿ ನೆಲಕ್ಕೆ ಬಿತ್ತು. ಪಿಟೀಲುಗಳು ತಡವರಿಸಿದವು.

ಮುಯುನ್‌ಗೆ ಎಲ್ಲ ಮರೆತುಹೋಯಿತು, ಅವಮಾನವೂ. ಕಮಾನನ್ನು ಗಟ್ಟಿಯಾಗಿ ಎಳೆದಳು. ಕೊನೆಯ ಸಾಲಿನಿಂದ ಲಯ ಹಿಡಿದು ನುಡಿಸುತ್ತಲೇ ಹೋದಳು. ಮುಂದಿನವರು ಅದನ್ನು ಕೇಳಿಸಿಕೊಂಡರು, ಅವರ ಮುಂದಿನವರೂ. ಬೋಹಾನ್ ಎಡಗೈ ಎತ್ತಿದ. ಕೊನೆಯವರೆಗೂ ಎಡಗೈಯಲ್ಲೇ ನಡೆಸಿದ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಮುಯುನ್ ಅವನ ಕೋಣೆಯ ಬಾಗಿಲು ತಳ್ಳಿದಳು. ಅವನು ಬಲಗೈಯನ್ನು ಎಡಗೈಯಿಂದ ಅದುಮಿಕೊಂಡು ಕೂತಿದ್ದ.

"ಯಾವಾಗಿಂದ?"

"ಹೋದ ವರ್ಷಕ್ಕೂ ಮುಂಚೆಯಿಂದ. ನರದ ಕಾಯಿಲೆ. ವಾಸಿಯಾಗಲ್ಲ ಅಂತ ಬೇಸಿಗೇಲಿ ಗೊತ್ತಾಯ್ತು." ಅವನು ತಲೆ ಎತ್ತಲಿಲ್ಲ. "ಕೈ ತಡವಾಯ್ತು ಅಂತ ಕಂಡುಹಿಡಿದೋರು ನೀವೊಬ್ಬರೇ. ಈ ಸಲ ಮುಂದೆ ಕೂರಿಸಿದ್ರೆ ಒಂದೇ ದಿನದಲ್ಲಿ ಎಲ್ಲಾ ಗೊತ್ತಾಗ್ತಿತ್ತು. ನಿಮ್ಮ ಕಣ್ಣಲ್ಲಿ ಕನಿಕರ ನೋಡೋ ಧೈರ್ಯ ಇರ್ಲಿಲ್ಲ..."

"ನಿಮಗೆ ಕನಿಕರ ಅವಮಾನ. ನನಗೆ ಕೊನೇ ಸಾಲು ಅವಮಾನ ಅಲ್ವಾ?"

ಅವನು ಈಗ ತಲೆ ಎತ್ತಿದ.

"ತಪ್ಪಾಯ್ತು. ಪ್ರೀತಿಸಿದೋರಿಗೆ ಹಾಗೆ ಮಾಡಬಾರದಿತ್ತು."

ಮುಯುನ್ ಕಣ್ಣು ತುಂಬಿ ಬಂತು. ಎಷ್ಟು ತಿಂಗಳು ಕಾದಿದ್ದ ಮಾತು... ಇಂಥ ದಿನವೇ ಬರಬೇಕಿತ್ತೇ?

"ಯುರೋಪಿಗೆಲ್ಲ ಇನ್ನು ಬರಲ್ಲ ಅಂತ ಬರೆದಿದ್ದೀನಿ," ಎಂದ ಅವನು. "ಇಲ್ಲೇ ಮಕ್ಕಳಿಗೆ ಪಾಠ ಹೇಳ್ಕೊಂಡು ಇರ್ತೀನಿ. ಜೊತೆಗಿರಿ ಅಂತ ನಿಮ್ಮನ್ನ ಕೇಳೋಕೆ ಯಾವ ಮುಖ ಇದೆ?"

ಅವಳು ಗೂಟದಲ್ಲಿದ್ದ ಅವನ ಕೋಟು ತೆಗೆದಳು. ನಡುಗುವ ಕೈಯನ್ನು ತೋಳಿನೊಳಗೆ ನಿಧಾನವಾಗಿ ತೂರಿಸಿ ಗುಂಡಿ ಹಾಕತೊಡಗಿದಳು.

"ಮನೇಲಿ ಅಮ್ಮ ಹುಳಿ ಎಲೆಕೋಸಿನ ಕಡುಬು ಮಾಡಿದ್ದಾಳೆ. ನಡೀರಿ."

"ನಾನು ಯಾರು ಅಂತ ಅವರಿಗೆ ಏನು ಹೇಳ್ತೀರ?"

"ಮೊದ್ಲು ಈ 'ನೀವು' ಬಿಡು. ಏನು ಹೇಳ್ತೀಯ ಅಂತ ಕೇಳು."

ಅವನು ತಿದ್ದಿಕೊಂಡ. "ಏನು ಹೇಳ್ತೀಯ, ಮುಯುನ್?"

ಅವಳು ಕೊನೆಯ ಗುಂಡಿ ಹಾಕಿದಳು.

"ನನ್ನವನು ಅಂತ."