ಹನ್ನೆರಡು ಗೂಟಗಳು

"ಒಂದ ಗೂಟಾನೂ ಬಿಡಲಿಲ್ಲೇನ್ರಿ?!"

ನವಲಿ ಊರಿನ ಗದ್ದೆಯ ಬದುವಿನ ಮೇಲೆ ಸುರೇಖಾ ಸಿಟ್ಟಿನಿಂದ ನಿಂತಿದ್ದಳು. ಎದುರಿಗೆ ಮೊಣಕಾಲಿನತನಕ ಕೆಸರು ಮೆತ್ತಿಕೊಂಡ ತರುಣ, ಹುಲಿಗೆಪ್ಪ. ಅವನ ಕಂಕುಳಲ್ಲಿ, ನಿನ್ನೆಯಷ್ಟೇ ಅವಳು ಕೆಂಪು ಬಟ್ಟೆ ಕಟ್ಟಿ ನೆಟ್ಟುಹೋಗಿದ್ದ ಹನ್ನೆರಡು ಬಿದಿರ ಗೂಟಗಳು!

"ನಮ್ಮ ಹೊಲದಾಗ ಗೂಟ ಬಡಿಯಾಕ ನೀವ್ಯಾರ್ರಿ? ಹ್ವಾದ ವರ್ಷ ಬಾಜೂದವರ ಹೊಲದಾಗೂ ಹಿಂಗ ಕೆಂಪ ಅರಬಿ ಕಟ್ಟಿದ ಗೂಟ ಬಂದ್ವು. ಗೂಟದ ಹಿಂದಿಂದ ರಸ್ತೆ ಬಂತು!"

"ನಾ ರಸ್ತೆ ಮಾಡಾಕಿ ಕಂಡಂಗ ಕಾಣ್ತೀನೇನ್ರಿ? ಗಂಗಾವತಿ ಕಾಲೇಜಿನಾಕಿ. ನಿಮ್ಮ ಅವ್ವಾರನ್ನ ಕೇಳೇ ಬಡಿದಿದ್ದೆ!"

ಬುಟ್ಟಿ ಹೊತ್ತು ಬರುತ್ತಿದ್ದ ತಾಯಿ ವಿರೂಪಾಕ್ಷಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯ ಶಿವನ... ನಿನಗ ಹೇಳೂದ ಮರ್ತೆ ನೋಡೋ!"

ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಅನುದಾನ ಬಂದದ್ದು ಆ ಕಾಲೇಜಿಗೆ ಅದೇ ಮೊದಲು. ಸಿಕ್ಕಿದ್ದು ಸುರೇಖಾ ಒಬ್ಬಳಿಗೇ. ನಿನ್ನೆ, ನಾಟಿಯ ದಿನ, ಹನ್ನೆರಡು ಕಡೆ ಮಣ್ಣು ತೆಗೆದು ಗುರುತಿಗೆ ಗೂಟ ನೆಟ್ಟಿದ್ದಳು. ತಿಂಗಳಾದ ಮೇಲೆ ಅದೇ ಜಾಗಗಳಿಂದ ಮತ್ತೆ ತೆಗೆದು, ಸವಳು, ಅಂದರೆ ಮಣ್ಣಿನ ಉಪ್ಪು, ಎಷ್ಟು ಏರಿತೆಂದು ತೋರಿಸಬೇಕು. ಇಲ್ಲದಿದ್ದರೆ ಅನುದಾನ ವಾಪಸ್, ಮುಂದಿನ ವರ್ಷ ಕಾಲೇಜಿನ ಯಾರಿಗೂ ಇಲ್ಲ!

ಅವಳು ಗೂಟಗಳನ್ನು ಕಸಿದುಕೊಂಡು ಹೊರಟೇಬಿಟ್ಟಳು. ಆಮೇಲೆ ಆ ಮನೆಯಿಂದ ಮೂರು ಸಲ ಫೋನು ಬಂತು. ಮೂರೂ ಸಲ ಕಟ್ ಮಾಡಿದಳು.

ತಿಂಗಳು ಕಳೆಯಿತು. ಮಾರ್ಗದರ್ಶಕರಾದ ಮಕ್ಬುಲಸಾಬ ಸರ್ ತಣ್ಣಗೆ ಹೇಳಿದರು. "ಪ್ರಯೋಗ ಕೆಟ್ಟದ್ದನ್ನೂ ವರದಿಯಾಗ ಬರಿಬೇಕವ್ವಾ. ಹೊಲ ನೋಡಿ ಬಾ."

ಒಲ್ಲದ ಮನಸ್ಸಿನಿಂದ ಬದು ಹತ್ತಿದವಳು ಹಾಗೇ ನಿಂತುಬಿಟ್ಟಳು...

ಹಸಿರು ಗದ್ದೆಯ ನಡುನಡುವೆ ಕಪ್ಪು ಎಲೆಯ ಭತ್ತದ ಬುಡಗಳು! ಎಣಿಸಿದಳು. ಹನ್ನೆರಡು!

"ಅವತ್ತ ನನ್ನ ಹೆಜ್ಜಿ ಕೆಸರಿನಾಗ ಹಂಗ ಇದ್ವುರಿ," ಹಿಂದಿನಿಂದ ಹುಲಿಗೆಪ್ಪನ ದನಿ. "ವಿರೂಪಾಪುರಗಡ್ಡಿಗೆ ಹೋಗಿ ಮಾವನ ಕಡಿಂದ ಕರಿ ಸಸಿ ತಂದೆ. ಹೆಜ್ಜಿ ಹಿಡ್ಕೊಂಡು ಹೋಗಿ, ಗೂಟ ಕಿತ್ತಲ್ಲೇ ನೆಟ್ಟೆ. ದೂರಿಂದ ಕಾಣ್ಲಿ ಅಂತ."

"ಹೇಳಬಾರ್ದಾಗಿತ್ತೇನ್ರಿ?"

"ಹೇಳಾಕ ಮೂರ ಸಲ ಫೋನ್ ಹಚ್ಚಿದೆ..."

ಸುರೇಖಾ ತಲೆ ತಗ್ಗಿಸಿದಳು.

"ನೀರು ನಿಲ್ಲೂ ತಗ್ಗಿನಾಗ ಮೂರು ಸೊರಗ್ಯಾವ್ರಿ. ಸವಳು ಅಲ್ಲೇ ಜಾಸ್ತಿ ಇರಬೇಕು. ದಿನಾ ನೋಡೇನಿ."

ದಿನಾ ನೋಡ್ಯಾನ... ಯಾರ ಸಲುವಾಗಿ? ಅವಳ ಕೆನ್ನೆ ಬೆಚ್ಚಗಾಯಿತು.

ಇಬ್ಬರೂ ಸೇರಿ ಮಣ್ಣು ತುಂಬಿದರು. ಹನ್ನೆರಡನೆಯ ಚೀಲ ಕಟ್ಟಿ ಅವಳು ವರದಿಯ ವಹಿ ತೆರೆದಳು.

"ಸಹಾಯ ಮಾಡಿದವರು ಅಂತ ಒಂದು ಸಾಲೈತಿ. ಏನಂತ ಬರೀಲ್ರಿ?"

"ಗೂಟ ಕಿತ್ತಾಂವ ಅಂತ ಬರೀರಿ."

ಅವಳು ಕಿಲಕಿಲ ನಕ್ಕಳು. ಅವನು ನಗಲಿಲ್ಲ.

"ಒಂದ ಮಾತ್ರಿ... ಮಣ್ಣು ಮುಗೀತು. ಇನ್ನ ಬರೂದಿಲ್ಲೇನು? ತಿಂಗಳಿಡೀ ಈ ಹಾದೀನ ನೋಡೇನ್ರಿ."

ಸುರೇಖಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನಾ ಬರಬೇಕಂದ್ರ... ಮೊದಲ ನಿಮ್ಮ ಅವ್ವಾರನ್ನ ನಮ್ಮ ಮನಿಗೆ ಕಳಸ್ರಿ."

"ಅವ್ವ ಮರೀತಾಳ್ರಿ!" ಹುಲಿಗೆಪ್ಪನ ಮುಖ ಅರಳಿತು. "ನಾನೂ ಜೋಡಿ ಬರ್ತೀನಿ."

"ಬರ್ರಿ. ಆದ್ರ ನಮ್ಮ ಅಂಗಳದಾಗ ಏನೂ ಕೀಳಬ್ಯಾಡ್ರಿ ಮತ್ತ!"