ಮೌನಿಕಾಳ ಬೈಕಿನ ಬದಲಾದ ಕ್ಯಾಮ್

ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ ಮೌನಿಕಾ ನಮ್ಮ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಹಳೆಯ ಸೀರೆ ತುಂಡಿನಲ್ಲಿ ಸುತ್ತಿದ ಉಕ್ಕಿನ ಸಾಮಾನೊಂದಿತ್ತು. ಅದನ್ನು ಮೇಜಿನ ಮೇಲಿಟ್ಟು, ಕೂರದೆಯೇ ಹೇಳಿದಳು.

"ಇನ್‌ಸ್ಪೆಕ್ಟರಮ್ಮ, ಇದು ನನ್ನ ಎಂಜಿನ್ನಾಗೆ ಇರಬಾರದಿತ್ತು. ಇರಬೇಕಾದ್ದು ಮಾಯ ಆಗೈತೆ. ಕಳ್ಳತನದ ಹೆಸರು ಮುತ್ತುರಾಜಣ್ಣನ ತಲೆಗೆ ಬಂದೈತೆ."

ದ್ರಾಕ್ಷಾಯಣಮ್ಮ ಮೋಟಾರು ವಾಹನ ನಿರೀಕ್ಷಕಿಯಾಗಿ ನಿವೃತ್ತರಾದವರು. ಚಳ್ಳಕೆರೆಯ ಜನ ಅವರನ್ನು ಈಗಲೂ ಬ್ರೇಕ್ ಇನ್‌ಸ್ಪೆಕ್ಟರಮ್ಮ ಎಂದೇ ಕರೆಯುತ್ತಾರೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು, ಅಂದರೆ ತಾಲ್ಲೂಕು ವರದಿಗಾರ ವೀರೇಶ, ಏಳು ವರ್ಷಗಳಿಂದ ಬಾಡಿಗೆಗಿದ್ದೇನೆ; ನನಗೆ ಅವರು ಮೇಡಂ. ಪೊಲೀಸರ ತನಕ ಹೋಗದ ತಕರಾರುಗಳು ಅವರ ಬಳಿ ಬರುವುದನ್ನೂ ಬಗೆಹರಿಯುವುದನ್ನೂ ನೋಡಿದ್ದೇನೆ. ಬರೆದಿಟ್ಟುಕೊಂಡಿದ್ದೇನೆ.

ಮೌನಿಕಾ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ, ವಯಸ್ಸು ಇಪ್ಪತ್ತಮೂರು. ಭಾನುವಾರ ಚಳ್ಳಕೆರೆಯ ಹೊರಗೆ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯಲಿದ್ದ ಇನ್ನೂರು ಸಿಸಿ ರೇಸಿಗೆ ಹೆಸರು ಕೊಟ್ಟಿದ್ದಳು. ಹಿಂದಿನ ಶುಕ್ರವಾರ ಇಲ್ಲಿನ ಮೆಕ್ಯಾನಿಕ್ ಮುತ್ತುರಾಜ್ ಅವಳ ಬೈಕಿಗೆ ಹೊಸ ಕ್ಯಾಮ್‌ಶಾಫ್ಟ್ ಕೂರಿಸಿ, ಬಿಚ್ಚಿದ ಕಂಪನಿ ಕ್ಯಾಮನ್ನು ಪೊಟ್ಟಣ ಕಟ್ಟಿ ಕೈಗೆ ಕೊಟ್ಟಿದ್ದ. ಶನಿವಾರ ಗಾಡಿ ಬಾಣದಂತೆ ಹೋಯಿತು. ಮಂಗಳವಾರ ಎಳೆಯಲೇ ಇಲ್ಲ. ಬುಧವಾರ ಊರಿನ ಮೆಕ್ಯಾನಿಕ್ ಹುಲಿಯಪ್ಪನ ಬಳಿ ಎಂಜಿನ್ ತೆಗೆಸಿದರೆ ಒಳಗಿದ್ದದ್ದು ಅದೇ ಕಂಪನಿ ಕ್ಯಾಮ್.

"ಹುಲಿಯಪ್ಪಣ್ಣ ಅಲ್ಲೇ ವಿಡಿಯೊ ಮಾಡಿ ರೇಸ್ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. 'ಹಳೇ ಕ್ಯಾಮ್ ಒರೆಸಿ ಹಾಕಿ ಹೊಸದು ಅಂದವ್ನೆ' ಅಂತ. ಕ್ಲಬ್ಬಿನ ಕಾರ್ಯದರ್ಶಿ ಕಾವ್ಯಕ್ಕ, ಮುತ್ತುರಾಜಣ್ಣ ಭಾನುವಾರ ಟ್ರ್ಯಾಕಿಗೆ ಕಾಲಿಡಂಗಿಲ್ಲ ಅಂದುಬಿಟ್ರು. ಅಣ್ಣ ಅಂಗಡಿ ಮುಚ್ಚಿ ಕೂತವ್ನೆ."

"ಪೊಟ್ಟಣ ಎಲ್ಲಿತ್ತು?"

"ನಮ್ಮ ಮಗ್ಗದ ಮನೆ ಗೂಡಿನಾಗೆ. ಈಗ ಅಲ್ಲಿಲ್ಲ. ಮುತ್ತುರಾಜಣ್ಣ ಬರೀ ಕಬ್ಬಿಣದ ಚೂರು ಕಟ್ಟಿಕೊಟ್ಟಿರಬೇಕು, ನಾವೇ ಎಸೆದಿರಬೇಕು ಅಂತಾರೆ ಎಲ್ಲರೂ."

ಮುತ್ತುರಾಜನ ಅಂಗಡಿ ಪಾವಗಡ ರಸ್ತೆಯಲ್ಲಿ, ಎಣ್ಣೆ ಮಿಲ್ಲೊಂದರ ಪಕ್ಕ. ಶಟರ್ ಮುಕ್ಕಾಲು ಇಳಿದಿತ್ತು. ಬಗ್ಗಿ ಒಳಹೋದೆವು. ಆತ ತೊಳೆದ ಪಾನಾಗಳನ್ನೇ ಮತ್ತೆ ತೊಳೆಯುತ್ತಿದ್ದ.

"ಹದಿನಾರು ವರ್ಷದ ಹೆಸರು ಮೇಡಂ. ಮೂರು ನಿಮಿಷದ ವಿಡಿಯೊದಾಗೆ ಹೋಯ್ತು."

"ಅಳೋದು ಆಮೇಲೆ. ಮೌನಿಕಾಗೆ ಆ ಹೊಸ ಕ್ಯಾಮನ್ನೇ ಯಾಕೆ ಆರಿಸಿದೆ, ಅದನ್ನ ಹೇಳು. ವೀರೇಶನಿಗೂ ಅರ್ಥ ಆಗಬೇಕು."

ಮುತ್ತುರಾಜ್ ಮೂರು ಕ್ಯಾಮ್‌ಗಳ ಚಿತ್ರ ಬಿಡಿಸಿದ. ಎಂಜಿನ್ನಿಗೆ ಗಾಳಿ ಪೆಟ್ರೋಲ್ ಬರಲು, ಹೊಗೆ ಹೋಗಲು ವಾಲ್ವುಗಳೆಂಬ ಬಾಗಿಲುಗಳಿವೆ. ಅವನ್ನು ತೆರೆಯುವುದು ಕ್ಯಾಮಿನ ಮೇಲಿನ ಮೊಟ್ಟೆಯಾಕಾರದ ಉಬ್ಬು. ಉಬ್ಬು ಎತ್ತರವಿದ್ದಷ್ಟೂ ಬಾಗಿಲು ಹೆಚ್ಚು ತೆರೆಯುತ್ತದೆ. ಅಗಲವಿದ್ದಷ್ಟೂ ಹೆಚ್ಚು ಹೊತ್ತು ತೆರೆದಿರುತ್ತದೆ.

"ದೊಡ್ಡದು ಹಾಕಿದ್ರೆ ದೊಡ್ಡ ಶಕ್ತಿ ಅಂತ ಎಲ್ಲರ ಲೆಕ್ಕ. ಆದ್ರೆ ಆ ಶಕ್ತಿ ಬರೋದು ಎಂಜಿನ್ ಕಿರುಚೋ ಹಂತದಾಗೆ. ಕೆಳಗೆ ಉಸಿರೇ ಇರಲ್ಲ, ನಿಧಾನಕ್ಕೆ ಹೋದ್ರೆ ಜಗ್ಗಿ ಜಗ್ಗಿ ನಿಲ್ಲುತ್ತೆ. ನಮ್ಮ ಟ್ರ್ಯಾಕಿನಾಗೆ ಒಂಬತ್ತು ತಿರುವು, ಎಲ್ಲಾ ಸಡಿಲ ಮಣ್ಣು. ಪ್ರತಿ ತಿರುವಿನಾಗೂ ಕೆಳಗಿನಿಂದ ಏಳಬೇಕು. ಅದಕ್ಕೆ ನಡುವಿನದು ಆರಿಸಿದೆ. ಅವಳ ಅಣ್ಣ ಚೌಡೇಶ್ ಕೇಳಲಿಲ್ಲ. ಅವನದೂ ಇದೇ ಗಾಡಿ, ಅವನೂ ಭಾನುವಾರ ಓಡಿಸ್ತಾನೆ. 'ನೀನು ಪುಕ್ಕಲ' ಅಂತ ಗ್ರೂಪಿನಾಗೆ ಬೈದು, ದೊಡ್ಡ ಕ್ಯಾಮ್ ತರಿಸಿ ತಾನೇ ಹಾಕ್ಕೊಂಡ."

ಪ್ರತಿ ಕ್ಯಾಮಿನ ಉಬ್ಬನ್ನೂ ಕೂರಿಸುವ ಮೊದಲು ಅಳೆದು ಕಾರ್ಡಿನಲ್ಲಿ ಬರೆಯುವುದು ಮುತ್ತುರಾಜನ ಪದ್ಧತಿ. ಕಂಪನಿಯದು 33.20 ಮಿಲಿಮೀಟರ್, ಮೌನಿಕಾಳಿಗೆ ಹಾಕಿದ್ದು 33.92. ದೊಡ್ಡದು 34.70 ಎಂದು ಅದರ ಕ್ಯಾಟಲಾಗ್ ಹೇಳುತ್ತಿತ್ತು. ಮೌನಿಕಾ ತಂದಿದ್ದನ್ನು ಮೇಡಂ ವರ್ನಿಯರ್ ಮಾಪಕದಿಂದ ಅಳೆದರು. 33.20.

"ಕಾರ್ಡ್ ಯಾರು ಬೇಕಾದ್ರೂ ಬರೆಯಬಹುದು ಅಂತಾರೆ," ಎಂದೆ.

"ಅಂತಾರೆ. ಅದಕ್ಕೇ ನಾವೀಗ ಮೊಳಕಾಲ್ಮೂರಿಗೆ ಹೋಗೋದು."

ಖಾಸಗಿ ಬಸ್ಸಿಳಿದಾಗ ಚೌಡೇಶ್ ನಿಲ್ದಾಣದಲ್ಲೇ ಸಿಕ್ಕ. ಮೌನಿಕಾಳ ದೊಡ್ಡಪ್ಪನ ಮಗ, ನಗುಮುಖದ ಯುವಕ. ಮೇಡಂ ಮತ್ತು ಮೌನಿಕಾ ಆಟೊ ಹತ್ತಿದರು, ನಾನು ಅವನ ಹಿಂದೆ ಕೂತೆ. ಟ್ಯಾಂಕಿನ ಮೇಲೆ ಸೀರೆಗಳ ಗಂಟೊಂದು ಬೇರೆ. ಸಂತೆಯ ಜನ, ಎಮ್ಮೆಗಳ ಹಿಂಡು. ಅವನು ಮೂರನೇ ಗೇರಿನಲ್ಲೇ ನಡಿಗೆಯ ವೇಗದಲ್ಲಿ ಹೋದ, ದಾರಿ ಬಿಟ್ಟ ಕೂಡಲೇ ಗಾಡಿ ಮೆತ್ತಗೆ ಮುಂದೆ ಜಿಗಿಯಿತು.

"ನಂದು ದೊಡ್ಡ ಕ್ಯಾಮ್ ಸಾರ್," ಎಂದ. "ಪುಕ್ಕಲರಿಗಲ್ಲ ಇದು."

ನೇಕಾರರ ಬೀದಿಯ ತಿರುವಿನಲ್ಲಿ ಎಂಜಿನ್ ಆಫ್ ಮಾಡಿ ಮನೆಯ ತನಕ ತಳ್ಳಿಕೊಂಡೇ ನಡೆದ. "ನಾಯನಮ್ಮನಿಗೆ ಸದ್ದು ಆಗಿಬರಲ್ಲ" ಎಂದ. ಅಜ್ಜಿಯ ಮೇಲೆ ಇಷ್ಟು ಕಾಳಜಿಯೇ ಎಂದು ನನಗೆ ಸಂತೋಷವಾಯಿತು.

ಮೊದಲು ಹುಲಿಯಪ್ಪನನ್ನು ಕಂಡೆವು. ಅವನ ಸಂಭ್ರಮ ಮುಚ್ಚಿಡುವಂಥದ್ದಾಗಿರಲಿಲ್ಲ.

"ಚಳ್ಳಕೆರೆಯವರು ಅಂದ್ರೆ ದೊಡ್ಡ ಡಾಕ್ಟರು, ನಾವು ಪಂಚರ್ ಹಾಕೋರು! ಈಗ ನೋಡ್ರಿ."

"ಭಾನುವಾರ ಗಾಡಿ ನಿನ್ನ ಹತ್ರ ಇತ್ತಂತೆ?"

"ಟಯರ್ ಬದಲಿಸಾಕೆ. ಸಂಜೆ ನಾನೇ ಬಿಟ್ಟು ಬಂದೆ. ಎಂಜಿನ್ ಮುಟ್ಟಿಲ್ಲ, ಚೌಡಮ್ಮನಾಣೆ."

ಇಡೀ ಹಗಲು ಗಾಡಿ ಪ್ರತಿಸ್ಪರ್ಧಿಯ ಕೈಯಲ್ಲಿತ್ತು! ನನ್ನ ಮಟ್ಟಿಗೆ ಪ್ರಕರಣ ಮುಗಿದಿತ್ತು. ಮೇಡಂ ಮಾತ್ರ ಸುಮ್ಮನೆ ತಲೆಯಾಡಿಸಿ ಮಗ್ಗದ ಮನೆಗೆ ನಡೆದರು.

ಅಜ್ಜಿ ಈಶ್ವರಮ್ಮ ಕುಳಿಮಗ್ಗದಲ್ಲಿ ಕೂತಿದ್ದರು. ಕಣ್ಣು ಮಂಜು, ಕೈ ಮಾತ್ರ ತಪ್ಪುತ್ತಿರಲಿಲ್ಲ. ಗಾಡಿಯ ವಿಷಯ ಎತ್ತಿದ್ದೇ ತಡ, ರೇಗಿದರು.

"ಇವಳು ಅದನ್ನ ಬಾಗಿಲಾಗೆ ನಿಲ್ಲಿಸಿ ಬಿಸಿ ಮಾಡ್ತಾಳಮ್ಮಾ. ನಾಲ್ಕು ಏಟು ಸರಿ, ಐದಕ್ಕೆ ಕುಂಟು. ಮಗ್ಗದ ಏಟು ತಪ್ಪಿಸಿಬಿಡ್ತೈತೆ. ಚೌಡೇಶನದು ಇನ್ನೂ ಕಡೆ, ಅದು ಕುಂಟಲ್ಲ, ಕೆಮ್ಮುತ್ತೆ. ಕ್ಷಯ ಹಿಡಿದಂಗೆ."

"ಯಾವತ್ತು ಕುಂಟಿತ್ತವ್ವಾ?"

"ಶನಿವಾರ. ಭಾನುವಾರ ದೀಪ ಹಚ್ಚೋ ಹೊತ್ತಿಗೆ ಹುಲಿಯಪ್ಪ ತಂದು ನಿಲ್ಲಿಸಿದಾಗಲೂ ಕುಂಟು. ಅವನೇನು ಅಂದನೋ ಕೇಳಿಸಲೇ ಇಲ್ಲ. ಸೋಮವಾರ ಅಮಾಸೆ, ಮಗ್ಗ ಮುಟ್ಟಲ್ಲ, ನಾನು ಗುಡಿಗೆ ಹೋದೆ, ಉಳಿದೋರು ರಾಯದುರ್ಗಕ್ಕೆ ನಾಮಕರಣಕ್ಕೆ. ಮಂಗಳವಾರ ದೇವರು ಕಣ್ಣು ಬಿಟ್ಟ. ಗಾಡಿ ನೆಟ್ಟಗಾಯ್ತು."

ಹೊರಡುವಾಗ ಮೇಡಂ ಅಂಗಳದಲ್ಲಿ ಚೌಡೇಶನನ್ನು ಕೇಳಿದರು. "ಸೋಮವಾರ ಎಲ್ಲರೂ ರಾಯದುರ್ಗಕ್ಕೆ ಹೋಗಿದ್ರಂತೆ. ಮನೆ ಕಾಯೋರು ಯಾರಿದ್ರಪ್ಪ?"

"ನಾನೇ ಮೇಡಂ. ಸೀರೆ ಮುಗಿಸೋದಿತ್ತು, ಪೂರ್ತಿ ದಿನ ಮಗ್ಗ ಬಿಟ್ಟು ಏಳಲಿಲ್ಲ. ಯಾರಾದ್ರೂ ಬಂದಿದ್ರೆ ಗೊತ್ತಾಗ್ತಿತ್ತು."

ಹಿಂದಿರುಗುವ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಮ್ಮೆ ಅಡ್ಡ ಬಂದಾಗ ಚೌಡೇಶ ಗೇರ್ ಇಳಿಸಿದನಾ?"

"ಇಲ್ಲ. ಮೂರರಲ್ಲೇ ಇದ್ದ."

"ಸರಿ," ಎಂದು ಕಾವ್ಯಳಿಗೆ ಫೋನ್ ಹಚ್ಚಿದರು.

ಶುಕ್ರವಾರ ಸಂಜೆ ನಾಲ್ಕಕ್ಕೆ ಮುತ್ತುರಾಜನ ಅಂಗಡಿಯಲ್ಲಿ ರೇಸಿನ ಮುಂಚಿನ ತಪಾಸಣೆ ಎಂದು ಕಾವ್ಯ ಪ್ರಕಟಿಸಿದ್ದಳು. ಅಣ್ಣ ತಂಗಿಯರ ಎರಡೂ ಬೈಕು ಬಂದವು; ಮೌನಿಕಾಳದಕ್ಕೆ ಹುಲಿಯಪ್ಪ ಆ ಕಂಪನಿ ಕ್ಯಾಮನ್ನೇ ಮತ್ತೆ ಕೂರಿಸಿದ್ದ. ಹುಲಿಯಪ್ಪ ಫೋನ್ ಹಿಡಿದೇ ಬಂದ. ಈಶ್ವರಮ್ಮನವರನ್ನು ಮೌನಿಕಾ ಕಾರಿನಲ್ಲಿ ಕರೆತಂದು, ಗಾಡಿಗಳಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಿದಳು.

"ನಾಯನಮ್ಮ ಯಾಕೆ?" ಚೌಡೇಶ್ ಕೇಳಿದ.

"ಮೂರು ಬಗೆ ಕ್ಯಾಮನ್ನ ಎಂಜಿನ್ ಬಿಚ್ಚದೆ ಗುರುತಿಸೋರು ಅವರೊಬ್ಬರೇ," ಎಂದರು ಮೇಡಂ. ಆಮೇಲೆ, ಕಚೇರಿಯಲ್ಲಿ ವರದಿ ಓದುವಂತೆ ಶುರು ಮಾಡಿದರು.

"ಕಂಪನಿ ಕ್ಯಾಮಿದ್ದರೆ ನಿಂತಲ್ಲಿ ಎಂಜಿನ್ ಸಮನಾಗಿ ಬಡಿಯುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಷ್ಟೂ ಬಡಿತ ತಪ್ಪುತ್ತದೆ. ಮೌನಿಕಾಳ ಗಾಡಿ ಶನಿವಾರ ಕುಂಟಿತು. ಅಂದರೆ ಮುತ್ತುರಾಜ್ ಹೊಸ ಕ್ಯಾಮ್ ಹಾಕಿಯೇ ಕಳಿಸಿದ್ದ. ಹುಲಿಯಪ್ಪ ಭಾನುವಾರ ಸಂಜೆ ತಂದುಬಿಟ್ಟಾಗಲೂ ಕುಂಟುತ್ತಿತ್ತು. ಅಂದರೆ ಅವನೂ ಮುಟ್ಟಿಲ್ಲ. ಮಂಗಳವಾರ ಕುಂಟು ಹೋಗಿತ್ತು. ಬದಲಾದದ್ದು ನಡುವೆ, ಆ ಮನೆಯೊಳಗೆ. ಹಳೆಯ ಕ್ಯಾಮೂ ಅಲ್ಲೇ ಗೂಡಿನಲ್ಲಿತ್ತು."

"ಸೋಮವಾರ ನಾನು ಮಗ್ಗದ ಮೇಲಿದ್ದೆ, ನಿನ್ನೆಯೇ ಹೇಳಿದ್ನಲ್ಲ!" ಚೌಡೇಶ್ ದನಿ ಎತ್ತಿದ.

ಮೇಡಂ ಉತ್ತರಿಸಬೇಕಾಗಲಿಲ್ಲ. ಈಶ್ವರಮ್ಮ ತಿರುಗಿಯೂ ನೋಡದೆ ಕೇಳಿದರು. "ಅಮಾಸೆ ದಿನ ಮಗ್ಗ ನೇಯ್ದೆಯೇನೋ? ನಿಮ್ಮ ತಾತನ ಕಾಲದಿಂದ ನಮ್ಮ ಬೀದಿಯಾಗೆ ಆವತ್ತು ಲಾಳಿ ಆಡಿಲ್ಲ."

ಹುಲಿಯಪ್ಪ ಫೋನನ್ನು ಚೌಡೇಶನ ಕಡೆ ತಿರುಗಿಸಿದ.

"ನೇಕಾರನನ್ನು ಎಲ್ಲಿದ್ದೆ ಅಂತ ಕೇಳಿದರೆ ಬಾಯಿಗೆ ಬರೋ ಉತ್ತರ ಅದೇ," ಎಂದರು ಮೇಡಂ. "ಚಳ್ಳಕೆರೆಯವರಿಗೆ ಅಮಾವಾಸ್ಯೆಯ ಲೆಕ್ಕ ಗೊತ್ತಿರಲ್ಲ ಅಂತ ನೀನು ಅಂದುಕೊಂಡೆ. ಹೋಗಲಿ. ಕ್ಯಾಮ್ ಎಲ್ಲಿ? ದೊಡ್ಡ ಕ್ಯಾಮಿನ ಗಾಡಿ ಇಬ್ಬರನ್ನೂ ಒಂದು ಗಂಟನ್ನೂ ಹೊತ್ತು ಮೂರನೇ ಗೇರಿನಲ್ಲಿ ಎಮ್ಮೆಯ ಹಿಂದೆ ನಡೆಯೋದಿಲ್ಲ, ಜಗ್ಗಿ ನಿಲ್ಲುತ್ತೆ. ನಿನ್ನದು ನಿಲ್ಲಲಿಲ್ಲ. ಬೀದಿಯ ತುದಿಯಲ್ಲೇ ಎಂಜಿನ್ ಆರಿಸಿದ್ದು ಅಜ್ಜಿಯ ನೆಮ್ಮದಿಗಲ್ಲ, ಅವರ ಕಿವಿಯ ಭಯಕ್ಕೆ. ಮುತ್ತುರಾಜ್, ಎರಡೂ ಸ್ಟಾರ್ಟ್ ಮಾಡು. ಒಂದಾದ ಮೇಲೊಂದು."

ಮೊದಲನೆಯದು ಸಮನಾಗಿ ಬಡಿಯಿತು. ಅಜ್ಜಿ ತಲೆಯಾಡಿಸಿದರು. "ನೆಟ್ಟಗೈತೆ."

ಎರಡನೆಯದು ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ. ಈಶ್ವರಮ್ಮ ತೊಡೆಯ ಮೇಲೆ ಬೆರಳಿನಿಂದ ಎಣಿಸಿ ಕೂಗಿದರು. "ಇದೇ! ಇದೇ ನೋಡ್ರಮ್ಮಾ ಮೌನಿಕಾನ ಗಾಡಿ! ನಾಲ್ಕು ಸರಿ, ಐದಕ್ಕೆ ಕುಂಟು!"

ಅದು ಚೌಡೇಶನ ಬೈಕಾಗಿತ್ತು.

"ಕಿವಿಗೆ ಕೇಳಿದ್ದು ಸಾಕ್ಷಿ ಆಗುತ್ತಾ?" ಅವನು ಗೊಣಗಿದ.

"ಆಗಲ್ಲ. ಅದಕ್ಕೇ ರೇಸಿನ ನಿಯಮದಂತೆ ಬಿಚ್ಚಿಸ್ತೀವಿ," ಎಂದಳು ಕಾವ್ಯ.

ಬಿಚ್ಚುವ ಕೆಲಸವನ್ನು ಮೇಡಂ ಹುಲಿಯಪ್ಪನಿಗೇ ಕೊಟ್ಟರು. ಎಂಜಿನ್ ಆರುವ ತನಕ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕ್ಯಾಮ್ ಹೊರಬಂತು. ಹುಲಿಯಪ್ಪ ಉಬ್ಬಿಗೆ ವರ್ನಿಯರ್ ಹಿಡಿದು, ಬೆಳಕಿಗೆ ತಿರುಗಿಸಿ, ಮತ್ತೊಮ್ಮೆ ಹಿಡಿದ.

"ಜೋರಾಗಿ ಓದು."

"ಮೂವತ್ಮೂರು ಪಾಯಿಂಟ್ ಒಂಬತ್ತು ಎರಡು." ಅವನ ದನಿ ಇಳಿಯಿತು. "ಲೇ ಮುತ್ತು... ನಿನ್ನ ಕಾರ್ಡು ಸರಿ ಐತಲೇ."

ಚೌಡೇಶ್ ಸ್ಟೂಲಿನ ಮೇಲೆ ಕುಸಿದ. ದೊಡ್ಡ ಕ್ಯಾಮ್ ಮಗ್ಗದ ಗುಂಡಿಯಲ್ಲಿದೆ ಎಂದು ಒಪ್ಪಿಕೊಂಡ. "ಶನಿವಾರ ಮರಳು ದಿಬ್ಬದಾಗೆ ಅವಳು ಹತ್ತಿದಳು, ನಾನು ಮೂರು ಸಲ ನಿಂತೆ. ಇಡೀ ಗ್ರೂಪಿನಾಗೆ ಪುಕ್ಕಲ ಅಂತ ಬೈದು, ಅವನ ಹತ್ರಾನೇ ಹೋಗಿ 'ನೀನು ಹೇಳಿದ್ದೇ ಸರಿ' ಅನ್ನೋದು ಹೆಂಗೆ? ಇವಳು ಗಾಡೀನ ಬಿಚ್ಚಿಸ್ತಾಳೆ ಅಂದ್ಕೊಂಡಿರಲಿಲ್ಲ."

"ಈಗ ಅನ್ನು," ಎಂದಳು ಮೌನಿಕಾ. "ಇಲ್ಲೇ. ಹುಲಿಯಪ್ಪಣ್ಣನ ವಿಡಿಯೊ ಮುಂದೆ."

ಅವನು ಎದ್ದು ನಿಂತು ಅಂದ. ಎರಡು ಸಲ ಅನ್ನಬೇಕಾಯಿತು; ಮೊದಲ ಸಲ ಹುಲಿಯಪ್ಪ ರೆಕಾರ್ಡ್ ಒತ್ತುವುದನ್ನೇ ಮರೆತಿದ್ದ.

ಕಾವ್ಯ ಚೌಡೇಶನ ಹೆಸರನ್ನು ರೇಸಿನಿಂದ ತೆಗೆದಳು. ಮುತ್ತುರಾಜ್ ಶಟರನ್ನು ಪೂರ್ತಿ ಎತ್ತಿ ಕೆಲಸಕ್ಕೆ ಕೂತ. ಕತ್ತಲಾಗುವ ಮೊದಲೇ ಮೌನಿಕಾಳ ಗಾಡಿ ಮತ್ತೆ ಕುಂಟತೊಡಗಿತು. ಅಷ್ಟು ಜನ ಮೆಚ್ಚಿ ಕೇಳಿದ ಕುಂಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾನುವಾರ ಹದಿನಾಲ್ಕು ಬೈಕುಗಳು ಹೊರಟವು. ನೇರ ದಾರಿಯಲ್ಲಿ ಮೂವರು ಮೌನಿಕಾಳನ್ನು ದಾಟಿದರು. ಆದರೆ ಪ್ರತಿ ತಿರುವಿನಲ್ಲೂ ಅವಳು ಉಳಿದವರು ಗೇರ್ ಹುಡುಕುವ ಮೊದಲೇ ಮೇಲೆದ್ದಳು. ಕೊನೆಯ ಸುತ್ತಿನ ಎಂಟನೇ ತಿರುವಿನಲ್ಲಿ ಮುಂದಿದ್ದವನನ್ನು ಒಳಗಿನಿಂದ ಹಿಂದಿಕ್ಕಿ, ಎರಡು ಗಾಡಿಯುದ್ದದ ಅಂತರದಲ್ಲಿ ಗೆರೆ ದಾಟಿದಳು. ಮುತ್ತುರಾಜ್ ಟ್ರ್ಯಾಕಿನೊಳಗೇ ನಿಂತಿದ್ದ. ಮೊದಲು ಓಡಿಬಂದು ಅವನನ್ನು ಹೆಗಲ ಮೇಲೆ ಎತ್ತಿದವನು ಹುಲಿಯಪ್ಪ.

ನಾನು ಕಳಿಸಿದ ವರದಿಯನ್ನು ಡೆಸ್ಕಿನವರು ನಾಲ್ಕು ಸಾಲಿಗೆ ಕತ್ತರಿಸಿದರು. ಸೋಮವಾರ ಬೆಳಿಗ್ಗೆ ಮೇಡಂ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಗೆದ್ದವಳು ಮೌನಿಕಾ, ಮೊಳಕಾಲ್ಮೂರು. ಎಂಜಿನ್ ಸಿದ್ಧಪಡಿಸಿದವರು ಮುತ್ತುರಾಜ್, ಚಳ್ಳಕೆರೆ.

"ಹೆಸರು ಉಳಿಸಿದಾರಲ್ಲ," ಎಂದು ಪತ್ರಿಕೆ ಮಡಚಿದರು. "ಹೋಗು, ಇದನ್ನ ಅವನಿಗೆ ಕೊಟ್ಟು ಬಾ."

ಕೊಡಲು ಹೋದಾಗ ಮುತ್ತುರಾಜನಿಗೆ ಕೈ ಬಿಡುವಿರಲಿಲ್ಲ. ಅಂಗಡಿಯ ಮುಂದೆ ಹನ್ನೊಂದು ಬೈಕುಗಳು ಸಾಲಾಗಿ ನಿಂತಿದ್ದವು.